ಹಲ್ಲಿಲ್ಲದ ಅಪ್ಪನಿಗೆ ಶೇಂಗಾ ಚಾಕೊಲೇಟ್ ಕೇಕ್: ಐದು ಭಾನುವಾರದ ಲೆಕ್ಕ

ಅಕ್ಟೋಬರ್ ಕೊನೆಯಲ್ಲಿ ಅಪ್ಪನ ಬಾಯಲ್ಲಿ ಉಳಿದಿದ್ದ ಆರು ಹಲ್ಲುಗಳನ್ನೂ ತೆಗೆಸಬೇಕಾಯಿತು. ಒಸಡು ಮಾಗಿ ಹಲ್ಲಿನ ಸೆಟ್ಟು ಕೂರಿಸೋಕೆ ಮೂರು ತಿಂಗಳು ಬೇಕು ಅಂದರು ಡಾಕ್ಟರು. ಅದೇ ಹೊತ್ತಿಗೆ ಹೊಲದಿಂದ ಹೊಸ ಶೇಂಗಾ ಬಂತು.

ನಮ್ಮದು ಚಳ್ಳಕೆರೆ. ಈ ಊರಿಗೆ ಎಣ್ಣೆ ನಗರ ಅನ್ನೋ ಹೆಸರು ಬಂದಿದ್ದೇ ಶೇಂಗಾ ಮಿಲ್ಲುಗಳಿಂದ. ಅಪ್ಪ ಅಂಥ ಒಂದು ಮಿಲ್ಲಿನಲ್ಲಿ 31 ವರ್ಷ ತೂಕದ ಕೆಲಸ ಮಾಡಿದವರು. ಕಾಯಿಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ, ಒಣಗಿದೆಯೋ ಇಲ್ಲವೋ ಹೇಳುತ್ತಾರೆ. ಪ್ರತಿ ವರ್ಷ ಹೊಸ ಶೇಂಗಾ ಮೊದಲು ಅವರ ಬಾಯಿಗೆ. ಈ ಸಲ ಹುರಿದ ಬೀಜ ಒಂದು ಹಿಡಿ ತಗೊಂಡರು. ಅಂಗೈಯಲ್ಲಿ ಉಜ್ಜಿದರು, ಸಿಪ್ಪೆ ಊದಿದರು, ಮೂಸಿ ನೋಡಿದರು. ಆಮೇಲೆ ಬಾಯಿಗೆ ಹಾಕದೆ ಮತ್ತೆ ತಟ್ಟೆಗೇ ಸುರಿದರು. ಅದನ್ನು ನೋಡಿದ ಮೇಲೆ ಶುರುವಾದ ಕೆಲಸ ಇದು.

ಬೇಕಿದ್ದದ್ದು ಇಷ್ಟು: ನಾಲಿಗೆ, ಅಂಗುಳದ ನಡುವೆ ಒತ್ತಿದರೆ ಕರಗುವಂಥ ಕೇಕ್. ನಡುವೆ ಗೊಜ್ಜಿನ ಹದದಲ್ಲಿ ಶೇಂಗಾ ಮತ್ತು ಚಾಕೊಲೇಟ್. ಒಂದು ತರಿಯೂ ಒಸಡಿಗೆ ಚುಚ್ಚಬಾರದು. ಅಪ್ಪನಿಗೆ 74, ಹಾಗಾಗಿ ಹಸಿ ಮೊಟ್ಟೆ ಬೇಡವೇ ಬೇಡ.

ಮನೆಯಲ್ಲಿದ್ದ ಸಾಮಾನು: 28 ಲೀಟರಿನ ಓಟಿಜಿ (ಕರೆಂಟಿನ ಸಣ್ಣ ಓವನ್), 750 ವ್ಯಾಟಿನ ಮಿಕ್ಸಿ, ಒಂದು ಗ್ರಾಂವರೆಗೆ ತೋರಿಸುವ ಅಡುಗೆ ತಕ್ಕಡಿ. ಹೊಸದಾಗಿ ಕೊಂಡಿದ್ದು: ತಳ ಬಿಡಿಸಬಹುದಾದ 18 ಸೆಂ.ಮೀ. ಟಿನ್ (180 ರೂ.), ಓವನ್ ಒಳಗೆ ನೇತು ಹಾಕುವ ಥರ್ಮಾಮೀಟರ್ (320 ರೂ.), ಚುಚ್ಚಿ ನೋಡುವ ಥರ್ಮಾಮೀಟರ್ (450 ರೂ.). ಎರಡು ಥರ್ಮಾಮೀಟರ್ ದುಬಾರಿ ಅನಿಸಿತ್ತು. ಈಗ ಕೇಳಿದರೆ, ಮೊದಲು ಅವನ್ನೇ ತಗೊಳ್ಳಿ ಅಂತೀನಿ.

ನವೆಂಬರ್ 9: ಶೇಂಗಾ ಬೆಣ್ಣೆ

ಅಂಗಡಿಯ ಪೀನಟ್ ಬಟರ್ ತರಬಹುದಿತ್ತು. ಆದರೆ ಅಪ್ಪನಿಗೆ ನಮ್ಮ ಹೊಲದ ಬೀಜದ ರುಚಿಯೇ ಬೇಕು, ಅದು ನನಗೆ ಗೊತ್ತು.

ಸುಲಿದ ಬೀಜ 500 ಗ್ರಾಂ. ಆರಿಸೋಕೆ ಅಪ್ಪನೇ ಕೂತರು. ಸುಕ್ಕಿದ್ದು, ಕಪ್ಪಾಗಿದ್ದು, ಬೂಷ್ಟು ಹಿಡಿದದ್ದು ಒಂದೊಂದನ್ನೂ ತೆಗೆದರು. 30 ಗ್ರಾಂ ಹೊರಗೆ ಹೋಯಿತು. ಇದನ್ನು ಬಿಡಬೇಡಿ. ಬೂಷ್ಟು ಬೀಜ ಕಹಿ ಮಾತ್ರ ಅಲ್ಲ, ಅದರಲ್ಲಿ ಅಫ್ಲಟಾಕ್ಸಿನ್ ಅನ್ನೋ ವಿಷ ಇರಬಹುದು. ಹುರಿದರೂ ಅದು ಪೂರ್ತಿ ಹೋಗಲ್ಲ.

ಕಬ್ಬಿಣದ ಬಾಣಲೆ, ಸಣ್ಣ ಉರಿ, 22 ನಿಮಿಷ. ನಾನು 12ನೇ ನಿಮಿಷಕ್ಕೆ ಇಳಿಸೋಕೆ ಹೋದೆ, ಸಿಪ್ಪೆ ಬಣ್ಣ ತಿರುಗಿತ್ತು. ಅಪ್ಪ ಪಡಸಾಲೆಯಲ್ಲೇ ಕೂತು, "ಇನ್ನೂ ಚಟಪಟ ಅಂತೈತೆ ಕಣಪ್ಪ. ಸದ್ದು ನಿಲ್ಲೋವರೆಗೂ ಕೈಯಾಡ್ಸು" ಅಂದರು. ಸದ್ದು ಮೊದಲು ಜೋರಾಗುತ್ತೆ, ಆಮೇಲೆ ಬಿಟ್ಟು ಬಿಟ್ಟು ಬರುತ್ತೆ, ಕೊನೆಗೆ ನಿಂತೇ ಹೋಗುತ್ತೆ. ಆಗ ಒಂದು ಬೀಜ ಒಡೆದು ನೋಡಿದೆ. ಒಳಗೂ ತೆಳು ಕಂದು. 12 ನಿಮಿಷಕ್ಕೆ ತೆಗೆದಿಟ್ಟಿದ್ದ ಬೀಜದ ಒಳಗೆ ಇನ್ನೂ ಹಾಲು ಬಿಳುಪು.

ಆರಿದ ಮೇಲೆ ಬಟ್ಟೆಯಲ್ಲಿ ಉಜ್ಜಿ, ಮೊರದಲ್ಲಿ ಕೇರಿದೆವು. ಸಿಪ್ಪೆ ಹೋಗಿ ಉಳಿದದ್ದು 430 ಗ್ರಾಂ.

ಮಿಕ್ಸಿಯಲ್ಲಿ 30 ಸೆಕೆಂಡು ಓಡಿಸೋದು, ಒಂದು ನಿಮಿಷ ನಿಲ್ಲಿಸೋದು. ಮೊದಲು ಪುಡಿ, ಆಮೇಲೆ ಮುದ್ದೆ ಮುದ್ದೆ, ಆಮೇಲೆ ಜಾರಿನ ಗೋಡೆಗೆಲ್ಲಾ ಅಂಟಿ ಬ್ಲೇಡು ಸುಮ್ನೆ ಸುತ್ತುತ್ತೆ. ಈ ಹಂತದಲ್ಲಿ ಎಲ್ಲರಿಗೂ ಎಣ್ಣೆ ಹಾಕಬೇಕು ಅನಿಸುತ್ತೆ. ಹಾಕಬೇಡಿ. ಶೇಂಗಾ ಬೀಜದಲ್ಲಿ ಹೆಚ್ಚೂಕಮ್ಮಿ ಅರ್ಧ ಎಣ್ಣೆಯೇ ಇದೆ. ಚಮಚದಲ್ಲಿ ಕೆರೆದು ಕೆರೆದು ಮತ್ತೆ ಓಡಿಸಿದೆ. ಒಟ್ಟು ಎಂಟು ನಿಮಿಷ ಓಡಿದ ಮೇಲೆ ಹೊಳಪು ಬಂತು. ಒಂಬತ್ತಕ್ಕೆ ದೋಸೆ ಹಿಟ್ಟಿನ ಹಾಗೆ ಸುರಿಯುವ ಹದ.

ಇಲ್ಲಿ ಮೊದಲ ತಪ್ಪು. ಅರ್ಧವನ್ನು ಬೇರೆ ತೆಗೆದು, ಸಿಹಿಗೆ ಅಂತ ಎರಡು ಚಮಚ ಬೆಲ್ಲದ ಪುಡಿ ಹಾಕಿ ತಿರುಗಿಸಿದೆ. ಹತ್ತೇ ಸೆಕೆಂಡಿಗೆ ಗಟ್ಟಿ ಮುದ್ದೆ. ಬೆಲ್ಲದ ತೇವ ತಗುಲಿದ ಕೂಡಲೇ ಶೇಂಗಾ ಬೆಣ್ಣೆ ಬಿಗಿದುಕೊಳ್ಳುತ್ತೆ. ಏನೇ ಮಾಡಿದರೂ ಸಡಿಲ ಆಗಲಿಲ್ಲ. ಅಮ್ಮ ಅದನ್ನು ಮುಟ್ಟಿ ನೋಡಿ, "ಇದು ಹೂರಣ ಆಯ್ತಲ್ಲೋ" ಅಂದವಳೇ ಇನ್ನಷ್ಟು ಬೆಲ್ಲ, ಏಲಕ್ಕಿ ಸೇರಿಸಿ ಹೋಳಿಗೆ ತಟ್ಟಿದಳು. ಉಳಿದ ಅರ್ಧ, ಸುಮಾರು 210 ಗ್ರಾಂ, ಕೇಕಿಗೆ. ನುಣುಪು ಸಾಲದು ಅನಿಸಿ ಅದನ್ನು ಜರಡಿಯಲ್ಲಿ ಒತ್ತಿ ಸೋಸಿದೆ. ಜರಡಿಯಲ್ಲಿ ಒಂದು ಚಮಚದಷ್ಟು ತರಿ ನಿಂತಿತು. ಅಷ್ಟು ತರಿ ಸಾಕು, ಹೊಲಿಗೆ ಹಾಕಿದ ಒಸಡಿಗೆ ನೋವಾಗೋಕೆ. ಈ 210 ಗ್ರಾಂ ಎರಡು ಕೇಕಿಗೇ ಮುಗಿಯಿತು, ನಡುವೆ ಇನ್ನೊಮ್ಮೆ ಇದೇ ರೀತಿ ಮಾಡಿಕೊಂಡೆ.

ನವೆಂಬರ್ 16: ಮೊದಲ ಕೇಕ್, ಬೇಗ ತೆಗೆದದ್ದು

ಗೊಜ್ಜಿನ ಹದ ಬೇಕು ಅಂದರೆ ಪೂರ್ತಿ ಬೇಯೋ ಮೊದಲೇ ತೆಗೆಯಬೇಕು ಅಂದುಕೊಂಡಿದ್ದೆ. ತುಂಬಾ ಜನ ಹಾಗೇ ಮಾಡ್ತಾರೆ.

ಹಿಟ್ಟು ಹೀಗಿತ್ತು: ಡಾರ್ಕ್ ಚಾಕೊಲೇಟ್ 120 ಗ್ರಾಂ, ಉಪ್ಪಿನ ಬೆಣ್ಣೆ 100, ಸಕ್ಕರೆ 110, ಮೊಟ್ಟೆ ಮೂರು, ಮೈದಾ 70, ಕೋಕೋ ಪುಡಿ 20, ಅರ್ಧ ಟೀ ಚಮಚ ಬೇಕಿಂಗ್ ಪೌಡರ್, ಬಿಸಿ ಹಾಲು 60 ಎಂ.ಎಲ್. ಜೊತೆಗೆ 60 ಗ್ರಾಂ ಶೇಂಗಾ ಬೆಣ್ಣೆ ಕಲಸಿದೆ. ಈ ಹಿಟ್ಟನ್ನು ಕೊನೆಯವರೆಗೂ ಬದಲಾಯಿಸಲಿಲ್ಲ. ಶೇಂಗಾ ಎಲ್ಲಿ ಹೋಗಬೇಕು ಅನ್ನೋದು ಮಾತ್ರ ಬದಲಾಯಿತು.

ಓಟಿಜಿ 180ಕ್ಕೆ ಇಟ್ಟು 15 ನಿಮಿಷ ಕಾಯಿಸಿದೆ. 20 ನಿಮಿಷ ಬೇಯಿಸಿ ತೆಗೆದೆ. ಮೇಲೆ ಬಿರುಕು ಬಿಟ್ಟು ಚೆನ್ನಾಗೇ ಕಾಣುತ್ತಿತ್ತು. ನಡುವೆ ಚುಚ್ಚಿ ನೋಡಿದೆ: 58 ಡಿಗ್ರಿ. ಮೊಟ್ಟೆ ಬೆರೆತ ಪದಾರ್ಥ ಕನಿಷ್ಠ 71 ಡಿಗ್ರಿ ಮುಟ್ಟಬೇಕು. ಕತ್ತರಿಸಿದರೆ ನಡುವೆ ಹಸಿ ಹಿಟ್ಟು, ಮೊಟ್ಟೆ ವಾಸನೆ. ಅಂಚು ಮಾತ್ರ ಒಣಗಿ ಗಟ್ಟಿ.

ಅಪ್ಪ ತಟ್ಟೆ ಹಿಡಿದು ಕಾಯುತ್ತಿದ್ದರು. ಕೊಡೋಕೆ ಮನಸ್ಸು ಬರಲಿಲ್ಲ. ಇವತ್ತು ಆಗಲಿಲ್ಲ ಅಂದೆ. ಇಡೀ ಕೇಕನ್ನು ಮತ್ತೆ ಒಳಗಿಟ್ಟು ಪೂರ್ತಿ ಬೇಯಿಸಿದೆ, ಮಿಕ್ಕವರು ತಿಂದೆವು. ಆಗ ಅದು ಸಾದಾ ಕೇಕ್. ಶೇಂಗಾ ಹಾಕಿದ್ದೀನಿ ಅಂತ ಹೇಳಿದ ಮೇಲೇ ಗೊತ್ತಾಗುವಷ್ಟು ರುಚಿ.

ಅಂದು ಸಂಜೆ ಓವನ್ ಥರ್ಮಾಮೀಟರ್ ಬಿಚ್ಚಿ ನೇತು ಹಾಕಿದೆ. ಮೊದಲೇ ಮಾಡಬೇಕಿತ್ತು. ಗುಂಡಿ 180ರಲ್ಲಿದ್ದರೆ ಒಳಗೆ 205. ಅಂಚು ಯಾಕೆ ಒಣಗಿತು ಅಂತ ಆಗ ಗೊತ್ತಾಯಿತು. ಗುಂಡಿ 150ಕ್ಕೆ ಸ್ವಲ್ಪ ಕೆಳಗೆ ಇಟ್ಟರೆ ಒಳಗೆ 165ರಿಂದ 178ರ ನಡುವೆ ಏರಿಳಿಯುತ್ತೆ. ಅಲ್ಲಿ ಮಾರ್ಕರಿನಿಂದ ಗೀಟು ಹಾಕಿದೆ.

ನವೆಂಬರ್ 23: ಎರಡನೆಯದು, ಶೇಂಗಾ ಬೆಣ್ಣೆ ನಡುವೆ

ಹಿಟ್ಟು ಪೂರ್ತಿ ಬೇಯಲಿ, ಗೊಜ್ಜು ಬೇರೆ ಇರಲಿ ಅಂತ ಯೋಚನೆ ಬದಲಾಯಿಸಿದೆ. ಅರ್ಧ ಹಿಟ್ಟು ಸುರಿದು, ನಡುವೆ 150 ಗ್ರಾಂ ಶೇಂಗಾ ಬೆಣ್ಣೆ ಹಾಕಿ, ಮೇಲೆ ಉಳಿದ ಹಿಟ್ಟು. 170 ಡಿಗ್ರಿ, 38 ನಿಮಿಷ. ಚುಚ್ಚಿದರೆ 94 ಡಿಗ್ರಿ. ಬೆಂದಿದೆ.

ಕತ್ತರಿಸಿದಾಗ ಹರಿಯಲೇ ಇಲ್ಲ. ಶೇಂಗಾ ಬೆಣ್ಣೆ ಬಿಸಿಗೆ ಎಣ್ಣೆ ಬಿಟ್ಟಿತ್ತು. ಎಣ್ಣೆ ಸುತ್ತಲಿನ ಕೇಕಿಗೆ ಇಳಿದು ಬೆರಳಗಲದ ಜಿಡ್ಡಿನ ಉಂಗುರ ಆಗಿತ್ತು. ನಡುವೆ ಉಳಿದದ್ದು ಒಣ ಹಿಂಡಿಯ ಹಾಗೆ ಪುಡಿಪುಡಿ. ಅಪ್ಪ ಒಂದು ಚೂರು ಬಾಯಿಗೆ ಹಾಕಿಕೊಂಡು, ನಾಲಿಗೆಯಲ್ಲಿ ಆಡಿಸಿ, "ಗಾಣದಾಗೆ ಹಿಂಡಿದಂಗೆ ಆಗೈತೆ" ಅಂದರು. 31 ವರ್ಷ ಹಿಂಡಿ ಮುಟ್ಟಿದ ಕೈ. ಅವರು ಹೇಳಿದ್ದೇ ಸರಿ. ಶೇಂಗಾ ಬೆಣ್ಣೆಯನ್ನು ಬರೀ ಬೇಯಿಸಿದರೆ ಎಣ್ಣೆ ಒಂದು ಕಡೆ, ಹಿಂಡಿ ಒಂದು ಕಡೆ.

ಆದರೂ ಕೇಕಿನ ಭಾಗ ಈ ಸಲ ಮೆತ್ತಗಿತ್ತು. ಆ ಗೀಟಿನಿಂದ ಬಂದ ಲಾಭ ಅದು. ಅಪ್ಪ ಅಂಚಿನ ತುಂಡನ್ನು ಹಾಲಿಗೆ ಅದ್ದಿ ತಿಂದರು.

ನವೆಂಬರ್ 30: ಮೂರನೆಯದು, ಎರಡು ಅನಾಹುತ

ಎಣ್ಣೆ ಬೇರೆಯಾಗದ ಹಾಗೆ ಶೇಂಗಾವನ್ನು ಕಟ್ಟಿ ಹಿಡಿಯಬೇಕು. ಅದಕ್ಕೆ ಕ್ರೀಮ್. ಕ್ರೀಮ್ 80 ಎಂ.ಎಲ್. ಬಿಸಿ ಮಾಡಿ (ಕುದಿಸಬಾರದು, ಅಂಚಿನಲ್ಲಿ ಗುಳ್ಳೆ ಬಂದರೆ ಸಾಕು), 60 ಗ್ರಾಂ ಚಾಕೊಲೇಟ್ ಮೇಲೆ ಸುರಿದು, ಎರಡು ನಿಮಿಷ ಬಿಟ್ಟು ಕಲಸಿದೆ. ಅದಕ್ಕೆ 100 ಗ್ರಾಂ ಶೇಂಗಾ ಬೆಣ್ಣೆ. ಕಲಸುವಾಗ ಮೊದಲು ಒಡೆದ ಹಾಗೆ ಕಂಡಿತು. ನಿಲ್ಲಿಸದೆ ಕಲಸಿದೆ, ಕೂಡಿಕೊಂಡಿತು. ಬೆಲ್ಲದ ತೇವಕ್ಕೆ ಬಿಗಿದುಕೊಂಡದ್ದು ಇಷ್ಟು ಕ್ರೀಮಿಗೆ ಸಡಿಲವಾಗೇ ಉಳಿಯಿತು. ಬೆಣ್ಣೆ ಕಾಗದ ಹಾಸಿದ ಡಬ್ಬಿ ಮುಚ್ಚಳದಲ್ಲಿ ಸುರಿದು 14 ಸೆಂ.ಮೀ. ಅಗಲ, ಒಂದೂವರೆ ಸೆಂ.ಮೀ. ದಪ್ಪದ ಬಿಲ್ಲೆ ಮಾಡಿ ಫ್ರೀಜರಿನಲ್ಲಿಟ್ಟೆ. ನಾಲ್ಕು ಗಂಟೆ. ಗಟ್ಟಿ ಬಿಲ್ಲೆಯಾಗಿದ್ದರೆ ನಡುವೆ ಇಡೋದು ಸುಲಭ, ಹಿಟ್ಟಿನ ಜೊತೆ ಬೆರೆಯಲ್ಲ.

ಮೊದಲ ಅನಾಹುತ ಚಾಕೊಲೇಟ್ ಕರಗಿಸುವಾಗ. ಕೆಳಗೆ ಬಿಸಿನೀರಿನ ಪಾತ್ರೆ, ಮೇಲೆ ಬಟ್ಟಲು. ಬಟ್ಟಲು ಚಿಕ್ಕದು, ಪಕ್ಕದಿಂದ ಹಬೆ ಏರಿ ಒಳಗೆ ನೀರು ಇಳಿಯಿತು. ಹೊಳೆಯುತ್ತಿದ್ದ ಚಾಕೊಲೇಟ್ ನೋಡನೋಡುತ್ತಿದ್ದಂತೆ ಒದ್ದೆ ಮಣ್ಣಿನ ಹಾಗೆ ಗಟ್ಟಿಯಾಯಿತು. ಎಸೆಯಲಿಲ್ಲ. ಹಿಟ್ಟಿಗೆ ಹೇಗಿದ್ದರೂ ಬಿಸಿ ಹಾಲು ಹಾಕಬೇಕಿತ್ತು. ಅದನ್ನೇ ಚಮಚ ಚಮಚವಾಗಿ ಹಾಕಿ ಕಲಸಿದೆ. ನಾಲ್ಕನೇ ಚಮಚಕ್ಕೆ ಮತ್ತೆ ನುಣ್ಣಗಾಯಿತು. ತೊಟ್ಟು ನೀರು ಕೆಡಿಸುತ್ತೆ, ಜಾಸ್ತಿ ಬಿಸಿ ಹಾಲು ಸರಿಮಾಡುತ್ತೆ. ಇಷ್ಟು ಗೊತ್ತಿದ್ದರೆ 120 ಗ್ರಾಂ ಚಾಕೊಲೇಟ್ ಉಳಿಯುತ್ತೆ, ಅಂದರೆ ನೂರಿಪ್ಪತ್ತು ರೂಪಾಯಿ ಮೇಲೆ.

ಎರಡನೆಯದು ಕರೆಂಟು. ಒಳಗಿಟ್ಟು 18 ನಿಮಿಷಕ್ಕೆ ಹೋಯಿತು. ಬಾಗಿಲು ತೆಗೆಯದೆ ಗಾಜಿನಿಂದ ಟಾರ್ಚ್ ಬಿಟ್ಟು ನೋಡುತ್ತಾ ಕೂತೆ. ಹತ್ತು ನಿಮಿಷಕ್ಕೆ 170ರಿಂದ 115ಕ್ಕೆ ಇಳಿಯಿತು. ಬಂದದ್ದು 25 ನಿಮಿಷದ ಮೇಲೆ. ಆ ಹೊತ್ತಿಗೆ ಉಬ್ಬಿದ್ದ ನಡುಭಾಗ ಕುಸಿದಿತ್ತು. ಮತ್ತೆ 25 ನಿಮಿಷ ಬೇಯಿಸಿದೆ.

ಕತ್ತರಿಸಿದರೆ ಒಳಗಿನ ಗೊಜ್ಜು ನಾನು ಅಂದುಕೊಂಡಂತೆಯೇ ಇತ್ತು. ಹೊಳಪು, ನಿಧಾನವಾಗಿ ಇಳಿಯುವ ಹದ, ಎಣ್ಣೆ ಬಿಟ್ಟಿರಲಿಲ್ಲ. ಆದರೆ ಬಿಲ್ಲೆಯ ಕೆಳಗಿದ್ದ ಹಿಟ್ಟು ಹಸಿ. ಟಿನ್ ತಿರುವಿ ಹಾಕಿದಾಗ ತಳವೇ ಅಂಟಿಕೊಂಡು ಬಂತು.

ತಪ್ಪು ಯಾರದು? ಕರೆಂಟಿನದೋ, ಬಿಲ್ಲೆಯ ತಂಪಿನದೋ? ಸುಮ್ನೆ ಕರೆಂಟಿನ ಮೇಲೆ ಹಾಕಿ ಮುಂದಿನ ವಾರ ಮತ್ತೆ ಅದನ್ನೇ ಮಾಡಿದರೆ ಇನ್ನೊಂದು ಕೇಕ್ ಹಾಳಾಗಬಹುದು. ಹಾಗಾಗಿ ಮಂಗಳವಾರ ರಾತ್ರಿ ಕಾಲು ಭಾಗ ಹಿಟ್ಟು ಕಲಸಿ ಎರಡು ಸಣ್ಣ ಸ್ಟೀಲ್ ಬಟ್ಟಲಿನಲ್ಲಿ ಪರೀಕ್ಷೆ ಮಾಡಿದೆ. ಎರಡರಲ್ಲೂ ಫ್ರೀಜರಿನಲ್ಲಿಟ್ಟ ಗೊಜ್ಜಿನ ಉಂಡೆ. ಒಂದರಲ್ಲಿ ಹಿಂದಿನ ಹಾಗೇ. ಇನ್ನೊಂದರಲ್ಲಿ ತಳದ ಹಿಟ್ಟನ್ನು ಮೊದಲು ಐದು ನಿಮಿಷ ಬೇಯಿಸಿ, ಆಮೇಲೆ ಉಂಡೆ ಇಟ್ಟು ಮೇಲೆ ಹಿಟ್ಟು. ಆ ಹೊತ್ತು ಕರೆಂಟು ಹೋಗಲಿಲ್ಲ. ಮೊದಲನೆಯದರ ತಳ ಹಸಿ, ಎರಡನೆಯದರ ತಳ ಬೆಂದಿತ್ತು. ತಪ್ಪು ತಂಪಿನದೇ.

ಡಿಸೆಂಬರ್ 7: ನಾಲ್ಕನೆಯದು

ಬೆಳಿಗ್ಗೆ ಆರಕ್ಕೆ ಶುರು. ನಮ್ಮ ಕಡೆ ಆ ಹೊತ್ತಿಗೆ ಕರೆಂಟು ಹೋಗೋದು ಕಡಿಮೆ. ಬಿಲ್ಲೆ ಹಿಂದಿನ ರಾತ್ರಿಯೇ ಫ್ರೀಜರಿನಲ್ಲಿತ್ತು.

ಒಂದು. ಮೊಟ್ಟೆ, ಹಾಲನ್ನು ಐದಕ್ಕೇ ಫ್ರಿಜ್ಜಿನಿಂದ ಹೊರಗೆ ತೆಗೆದೆ. ತಣ್ಣನೆ ಮೊಟ್ಟೆ ಹಾಕಿದರೆ ಕರಗಿದ ಬೆಣ್ಣೆ ಅಲ್ಲಲ್ಲೇ ಹೆಪ್ಪುಗಟ್ಟುತ್ತೆ.

ಎರಡು. ಟಿನ್ನಿಗೆ ಬೆಣ್ಣೆ ಸವರಿ, ಮೈದಾ ಬದಲು ಕೋಕೋ ಪುಡಿ ಉದುರಿಸಿದೆ. ಮೈದಾ ಉದುರಿಸಿದರೆ ಕಪ್ಪು ಕೇಕಿನ ಮೇಲೆ ಬಿಳಿ ಮಚ್ಚೆ ನಿಲ್ಲುತ್ತೆ. ತಳಕ್ಕೆ ಬೆಣ್ಣೆ ಕಾಗದ.

ಮೂರು. ಚಾಕೊಲೇಟ್, ಬೆಣ್ಣೆ ಒಟ್ಟಿಗೆ ಕರಗಿಸಿದ್ದು ಈ ಸಲ ಪಾತ್ರೆಯ ಬಾಯಿಗಿಂತ ಅಗಲವಾದ ಬಟ್ಟಲಿನಲ್ಲಿ. ನೀರು ಕುದಿದ ಮೇಲೆ ಒಲೆ ಆರಿಸಿ, ಆ ಬಿಸಿಯಲ್ಲೇ ಕರಗಿಸಿದೆ. ಕೈ ಬೆಚ್ಚಗಾಗುವಷ್ಟು ಆರಿದ ಮೇಲೆ ಸಕ್ಕರೆ, ಒಂದೊಂದೇ ಮೊಟ್ಟೆ, ಬಿಸಿ ಹಾಲು. ಕೊನೆಗೆ ಜರಡಿ ಹಿಡಿದ ಮೈದಾ, ಕೋಕೋ, ಬೇಕಿಂಗ್ ಪೌಡರ್. ಮೈದಾ ಹಾಕಿದ ಮೇಲೆ ಜಾಸ್ತಿ ಕಲಸಬೇಡಿ, ಬಿಳಿ ಕಾಣದಿದ್ದರೆ ಸಾಕು. ಕಲಸಿದಷ್ಟೂ ಕೇಕ್ ರಬ್ಬರಾಗುತ್ತೆ.

ನಾಲ್ಕು. ತಕ್ಕಡಿ ಮೇಲೆ ಟಿನ್ ಇಟ್ಟು 280 ಗ್ರಾಂ ಹಿಟ್ಟು ಸುರಿದೆ. ಓವನಿನ ಕೆಳಗಿನ ಸಾಲಿನಲ್ಲಿ 170 ಡಿಗ್ರಿಗೆ 10 ನಿಮಿಷ. ಮೇಲೆ ತೆಳು ಕೆನೆ ಕಟ್ಟಿತ್ತು, ಬೆರಳಿಟ್ಟರೆ ಮೆಲ್ಲಗೆ ಎದ್ದು ಬರುತ್ತಿತ್ತು.

ಐದು. ಬಿಲ್ಲೆ ನಡುವೆ ಇಟ್ಟು, ಉಳಿದ ಹಿಟ್ಟನ್ನು ಮೊದಲು ಸುತ್ತಲಿನ ಸಂದಿಗೆ, ಆಮೇಲೆ ಮೇಲೆ ಸುರಿದೆ. ಸಂದಿ ಎರಡು ಸೆಂ.ಮೀ. ಇರಬೇಕು. ಗಡಿಬಿಡಿಯಲ್ಲಿ ಬಿಲ್ಲೆ ಸ್ವಲ್ಪ ಎಡಕ್ಕೆ ಸರಿದಿತ್ತು, ನಾನು ಸರಿಮಾಡಲಿಲ್ಲ. ಅದರ ಫಲ ಆಮೇಲೆ ಕಂಡಿತು.

ಆರು. ನಡು ಸಾಲಿನಲ್ಲಿ 170ಕ್ಕೆ 34 ನಿಮಿಷ. ಅಂಚಿನಿಂದ ಎರಡು ಸೆಂ.ಮೀ. ಒಳಗೆ ಚುಚ್ಚಿದರೆ 96 ಡಿಗ್ರಿ. ಗೊಜ್ಜಿನ ಮೇಲಿನ ಪದರದಲ್ಲಿ 88. ಮೊಟ್ಟೆ ಇರೋದು ಹಿಟ್ಟಿನಲ್ಲಿ ಮಾತ್ರ, ಅದು ಬೆಂದಿದೆ. ಗೊಜ್ಜಿನಲ್ಲಿ ಮೊಟ್ಟೆ ಇಲ್ಲ, ಅದು ಹೇಗಿದ್ದರೂ ಹೆದರಿಕೆ ಇಲ್ಲ.

ಏಳು. ಟಿನ್ನಿನಲ್ಲೇ 25 ನಿಮಿಷ ಬಿಟ್ಟೆ. ಇದು ಕಷ್ಟದ ಕಾಯುವಿಕೆ, ಮನೆ ತುಂಬಾ ಹುರಿದ ಶೇಂಗಾ ವಾಸನೆ. ಆದರೆ ಬೇಗ ತೆಗೆದರೆ ಗೊಜ್ಜಿನ ಭಾರಕ್ಕೆ ಗೋಡೆ ಒಡೆಯುತ್ತೆ.

ಟಿನ್ನಿನ ಉಂಗುರ ಎತ್ತಿದಾಗ ಎಡಗಡೆ ಒಂದು ಕಡೆ ಗೊಜ್ಜು ಇಣುಕುತ್ತಿತ್ತು. ಬಿಲ್ಲೆ ಸರಿದ ಜಾಗ. ಎರಡು ಚಮಚದಷ್ಟು ತಟ್ಟೆಗೆ ಹರಿಯಿತು. ಮಿಕ್ಕ ಕಡೆ ಗೋಡೆ ಗಟ್ಟಿ.

ಚಾಕುವನ್ನು ಬಿಸಿನೀರಿಗೆ ಅದ್ದಿ ಒರೆಸಿ ಕತ್ತರಿಸಿದೆ. ಮೇಲೆ ತೆಳು ಪೊರೆ, ಅದರ ಕೆಳಗೆ ಮೆತ್ತನೆ ಕೇಕ್, ಅದರ ಕೆಳಗೆ ಕಂದು ಗೊಜ್ಜು ದಪ್ಪಗೆ ಮುಂದಕ್ಕೆ ಬಾಗಿ, ಒಂದು ಕ್ಷಣ ನಿಂತು, ತಟ್ಟೆಗೆ ಇಳಿಯಿತು. ತಳ ಪೂರ್ತಿ ಬೆಂದಿತ್ತು. ಅಪ್ಪ ಚಮಚದಲ್ಲಿ ತಗೊಂಡು ಬಾಯಿ ಮುಚ್ಚಿದರು. ಕೆನ್ನೆ ಒಂದೆರಡು ಸಲ ಒಳಕ್ಕೆ ಹೋಯಿತು, ಅಷ್ಟೇ. ಅಗಿಯಲಿಲ್ಲ. "ಇದು ನಮ್ಮ ಹೊಲದ್ದೇ" ಅಂದರು. ಆಮೇಲೆ ತಟ್ಟೆಗೆ ಹರಿದಿದ್ದ ಎರಡು ಚಮಚ ಗೊಜ್ಜನ್ನೂ ಬೆರಳಿನಿಂದ ತೆಗೆದು ತಿಂದರು.

ಖರ್ಚು

ನಾಲ್ಕನೇ ಕೇಕಿಗೆ: ಚಾಕೊಲೇಟ್ ಒಟ್ಟು 180 ಗ್ರಾಂ, 189 ರೂ. (400 ಗ್ರಾಂ ಗಟ್ಟಿಗೆ 420). ಬೆಣ್ಣೆ 60, ಕೋಕೋ 28, ಕ್ರೀಮ್ 21, ಮೊಟ್ಟೆ 21. ಸಕ್ಕರೆ, ಮೈದಾ, ಹಾಲು, ಬೇಕಿಂಗ್ ಪೌಡರ್ ಎಲ್ಲಾ ಸೇರಿ 13. ಒಟ್ಟು 332. ಶೇಂಗಾ ಮನೆಯದು. ಕಾಂಪೌಂಡ್ ಚಾಕೊಲೇಟ್ ಅರ್ಧ ಬೆಲೆಗೆ ಸಿಗುತ್ತೆ. ಮಂಗಳವಾರದ ಪರೀಕ್ಷೆಗೆ ಅದನ್ನೇ ಬಳಸಿದ್ದೆ. ಅದರಲ್ಲಿ ಕೋಕೋ ಬೆಣ್ಣೆ ಬದಲು ಬೇರೆ ಕೊಬ್ಬು ಇರುತ್ತೆ, ಆರಿದ ಮೇಲೆ ಅಂಗುಳಕ್ಕೆ ಮೇಣದ ಹಾಗೆ ಮೆತ್ತಿಕೊಂಡಿತು. ಹಿಟ್ಟಿಗೆ ಬೇಕಾದರೆ ಹಾಕಿ, ಗೊಜ್ಜಿಗೆ ಬೇಡ ಅನ್ನೋದು ನನ್ನ ಅಭಿಪ್ರಾಯ.

ಡಿಸೆಂಬರ್ 8: ಮಾರನೇ ದಿನ

ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟಿದ್ದೆ. ಬೆಳಿಗ್ಗೆ ಗೊಜ್ಜು ಗಟ್ಟಿಯಾಗಿತ್ತು, ಕೇಕೂ ಬಿರುಸು. ಅಪ್ಪನಿಗೆ ಆಗದು. ಮನೆಯಲ್ಲಿ ಮೈಕ್ರೋವೇವ್ ಇಲ್ಲ. ಇಡ್ಲಿ ಪಾತ್ರೆಯಲ್ಲಿ ನೀರು ಕುದಿಸಿ, ತುಂಡನ್ನು ಬಟ್ಟಲಿನಲ್ಲಿಟ್ಟು, ಹಬೆ ನೀರು ಬೀಳದ ಹಾಗೆ ಮೇಲೆ ತಟ್ಟೆ ಮುಚ್ಚಿ ಇಟ್ಟೆ. ಎರಡು ನಿಮಿಷಕ್ಕೆ ಇನ್ನೂ ಗಟ್ಟಿ. ನಾಲ್ಕಕ್ಕೆ ಹದ ಮತ್ತೆ ಬಂತು. ಆರು ನಿಮಿಷ ಬಿಟ್ಟ ತುಂಡು ಒದ್ದೆಯಾಗಿ ಬಿರಿಯಿತು. ಹಾಗಾಗಿ ನಾಲ್ಕೇ ನಿಮಿಷ.

ಮುಂದಿನ ಸಲಕ್ಕೆ ಬರೆದಿಟ್ಟುಕೊಂಡಿರೋದು: ಬಿಲ್ಲೆ 13 ಸೆಂ.ಮೀ.ಗೆ ಇಳಿಸಬೇಕು. ಇಡೋ ಮೊದಲು ಟಿನ್ನಿನ ಅಂಚಿನಲ್ಲಿ ನಾಲ್ಕು ಕಡೆ ಗುರುತು ಹಾಕಿಕೊಳ್ಳಬೇಕು. ಇನ್ನೊಂದು ಅರ್ಧ ಕೇಜಿ ಬೀಜವನ್ನು ಅಪ್ಪ ಆಗಲೇ ಆರಿಸಿ, ಡಬ್ಬಿಗೆ ತುಂಬಿ, ಮಿಕ್ಸಿ ಪಕ್ಕ ಇಟ್ಟಿದ್ದಾರೆ.